ಅಕ್ಕ ಮಾಡಿದ ಗೊಂಬೆಯ ಕಣ್ಣುಗಳು

ಈ ಸಲದ ದಸರೆಗೆ ಯಳಂದೂರಿನ ಮಗಳ ಮನೆಯಲ್ಲಿ ಅಟ್ಟದ ಮೇಲಿನ ಗೊಂಬೆಪೆಟ್ಟಿಗೆಯನ್ನು ಇಳಿಸಿದೆವು. ಹಳೆಯ ಪಂಚೆಯಲ್ಲಿ ಸುತ್ತಿಟ್ಟಿದ್ದ ಹೆಣ್ಣುಗೊಂಬೆಯೊಂದನ್ನು ಬಿಡಿಸುತ್ತಿದ್ದಂತೆ ಅದರ ಎಡಗಣ್ಣು ಕಳಚಿ ನನ್ನ ಅಂಗೈಗೆ ಬಿದ್ದಿತು. ಮೊಮ್ಮಗಳು ಅದನ್ನು ಬೆಳಕಿಗೆ ಹಿಡಿದು ನೋಡಿ, ತನ್ನ ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸಿದಳು. ಅರ್ಧಗೋಳದ ಗಾಜಿನ ಚಪ್ಪಟೆ ಬೆನ್ನಿಗೆ ಕಣ್ಣಿನ ಬಣ್ಣದ ಚಿತ್ರವನ್ನು ಅಂಟಿಸಿ ಮನೆಯಲ್ಲಿಯೇ ಗೊಂಬೆಗೆ ಕಣ್ಣು ಮಾಡುವ ಬಗೆ ಅದು. “ತಾತ, ದೊಡ್ಡಜ್ಜಿ ಮಾಡಿದ್ದೂ ಹೀಗೇ ಅಲ್ಲವೇ?” ಎಂದಳು. ಹೌದು, ಹೀಗೆಯೇ. ಆದರೆ ಅಕ್ಕ ಚಿತ್ರವನ್ನು ಅಂಟಿಸುತ್ತಿರಲಿಲ್ಲ. ರೇಷ್ಮೆಯ ಎಳೆಗಳನ್ನು ಅಂಟಿಸುತ್ತಿದ್ದಳು.

ನಮ್ಮ ಬಾಲ್ಯದ ಕೊಳ್ಳೇಗಾಲ ಮೈಸೂರಿಗೆ ಸೇರಿರಲಿಲ್ಲ. 1956ರ ನವೆಂಬರ್ 1ರವರೆಗೆ ಅದು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಪಕ್ಕದ ಯಳಂದೂರು ಮಾತ್ರ ದಿವಾನ್ ಪೂರ್ಣಯ್ಯನವರ ವಂಶದ ಜಹಗೀರಾಗಿ ಮೈಸೂರಿನೊಡನೆ ಇತ್ತು. ಆ ಪ್ರಾಂತದ ಹಿಪ್ಪುನೇರಳೆ ಬೇಸಾಯದ ಬಹುಪಾಲು ಕೊಳ್ಳೇಗಾಲ ತಾಲ್ಲೂಕೊಂದರಲ್ಲಿಯೇ ಇತ್ತೆಂಬುದನ್ನು ಇಂದಿನ ಮಕ್ಕಳು ನಂಬಲಾರರು. ಬೀದಿಬೀದಿಯಲ್ಲಿ ಮಗ್ಗದ ಸದ್ದು. ನೂಲಿನ ತುಂಡುಗಳು ಯಾವ ಮನೆಯಲ್ಲಿಯೂ ಸಿಗುತ್ತಿದ್ದವು.

ಅಕ್ಕನಿಗೆ ಒಂಬತ್ತು ವರ್ಷವಾಗಿದ್ದಾಗ ಸಿಡುಬು ಬಂದಿತು. ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರು. ಅವ್ವ ಮಾರಮ್ಮನಿಗೆ ಬೆಳ್ಳಿಯ ಕಣ್ಣುಗಳ ಹರಕೆ ಹೊತ್ತಳು. ಜೀವ ಉಳಿಯಿತು, ಎಡಗಣ್ಣು ಉಳಿಯಲಿಲ್ಲ. ಹರಕೆಯನ್ನು ತೀರಿಸುವಾಗ ಅವ್ವ ಒಂದು ಕಣ್ಣನ್ನಲ್ಲ, ಎರಡನ್ನೂ ಒಪ್ಪಿಸಿದಳು. ಭಾರತದಲ್ಲಿ ಸಿಡುಬಿನ ಕೊನೆಯ ರೋಗಿ ಕಂಡುಬಂದದ್ದು 1975ರಲ್ಲಿ. ಅದಕ್ಕೆ ಮೊದಲು ಹುಟ್ಟಿದವರಲ್ಲಿ ಇಂತಹ ಮುಖಗಳನ್ನು ಕಾಣದವರಿಲ್ಲ.

ಅಕ್ಕನಿಗೆ ಹತ್ತೊಂಬತ್ತಾದಾಗ ಮದುವೆಯ ಮಾತು ನಡೆಯುತ್ತಿತ್ತು. ಅಪ್ಪ ಅವಳನ್ನು ದೊಡ್ಡ ಊರೊಂದಕ್ಕೆ ಕರೆದೊಯ್ದು ಕೃತಕ ಕಣ್ಣು ಹಾಕಿಸಿಕೊಂಡು ಬಂದರು. ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿದ್ದ ಸಿದ್ಧ ಕಣ್ಣುಗಳಲ್ಲಿ ಅಳತೆಗೆ ಹೊಂದಿದ್ದನ್ನು ಆರಿಸಿ ಕೊಟ್ಟರಂತೆ. ಅಳತೆಯೇನೋ ಹೊಂದಿತು, ಬಣ್ಣ ಹೊಂದಲಿಲ್ಲ. ಅವಳ ಬಲಗಣ್ಣು ಗಾಢ ಕಂದು; ಬಂದದ್ದು ಜೇನಿನ ಬಣ್ಣದ್ದು. ಕೆಲವು ದಿನ ಹಾಕಿಕೊಂಡಳು. ಆಮೇಲೆ ಅದು ಅಡಕೆಡಬ್ಬಿಯನ್ನು ಸೇರಿತು. ಆ ಸಂಬಂಧವೂ ಮುರಿಯಿತು, ಮುಂದೆ ಅವಳು ಮದುವೆಯಾಗಲಿಲ್ಲ.

ಆದರೆ ಡಬ್ಬಿಯನ್ನು ಅವಳು ಆಗಾಗ ತೆರೆಯುತ್ತಿದ್ದಳು. ಬಣ್ಣವು ಮೇಲೆ ಬಳಿದದ್ದಲ್ಲ, ತಿಳಿಯಾದ ಉಬ್ಬಿನ ಅಡಿಯಲ್ಲಿದೆ ಎಂಬುದನ್ನು ಯಾರೂ ಹೇಳಿಕೊಡದೆ ಕಂಡುಕೊಂಡಳು. ಇದು ಬಹಳ ಹಳೆಯ ಗುಟ್ಟು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟಿನ ಶಿಲ್ಪಿಯೊಬ್ಬ ಕುಳಿತ ಲಿಪಿಕಾರನ ವಿಗ್ರಹಕ್ಕೆ ಉಜ್ಜಿ ನಯಗೊಳಿಸಿದ ಸ್ಫಟಿಕದ ಕಣ್ಣುಗಳನ್ನು ಕೂಡಿಸಿದ್ದ. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಅದರ ಚಿತ್ರವನ್ನು ನೋಡಿದರೂ ಸಾಕು, ಅವನು ನಮ್ಮನ್ನೇ ನೋಡುತ್ತಿದ್ದಾನೆ ಎನ್ನಿಸುತ್ತದೆ.

ಅಕ್ಕನ ಸಾಮಗ್ರಿ ಸರಳ. ದೇವರ ಅಲಂಕಾರಕ್ಕೆಂದು ಅಂಗಡಿಯಲ್ಲಿ ದೊರೆಯುತ್ತಿದ್ದ, ಒಂದು ಬದಿ ಉಬ್ಬಿ ಇನ್ನೊಂದು ಬದಿ ಚಪ್ಪಟೆಯಾದ ಬಿಳಿಯ ಗಾಜಿನ ಕಲ್ಲುಗಳು, ಸೋಸಿದ ಜಾಲಿಗೋಂದು, ಕಾಡಿಗೆ, ಕಾಚಿನ ನೀರಿನಲ್ಲಿ ಅದ್ದಿ ಒಣಗಿಸಿದ ರೇಷ್ಮೆ. ಕಲ್ಲಿನ ಅಳತೆಗೆ ಕಾಗದದ ಬಿಲ್ಲೆಯನ್ನು ಕತ್ತರಿಸಿ, ಒಂದೊಂದೇ ಎಳೆಯನ್ನು ಗಾಡಿಚಕ್ರದ ಅರೆಕಾಲುಗಳಂತೆ ನಡುವಿನಿಂದ ಅಂಚಿಗೆ ಇಡುತ್ತಿದ್ದಳು. ಅಂಚಿಗೆ ಗಾಢವಾದ ಎಳೆ, ಒಳಕ್ಕೆ ತಿಳಿಯಾದದ್ದು. ನಡುವೆ ಕಾಡಿಗೆಯ ಪಾಪೆ, ಹೊರ ಅಂಚಿಗೆ ತೆಳುವಾದ ಕಪ್ಪುಗೆರೆ. ಆ ಗೆರೆಯಿಲ್ಲದಿದ್ದರೆ ಕಣ್ಣು ಗುಂಡಿಯಂತೆ ಕಾಣುತ್ತದೆ. ಬಳಿಕ ಗೋಂದು ತೊಟ್ಟಿಕ್ಕಿ ಕಲ್ಲನ್ನು ಒತ್ತುವುದು; ಇಲ್ಲಿಯೇ ಕೆಲಸ ಕೆಡುತ್ತಿದ್ದುದು. ಗಾಳಿಯ ಒಂದು ಗುಳ್ಳೆ ಉಳಿದರೂ ಪೊರೆ ಬಂದ ಕಣ್ಣಾಗುತ್ತಿತ್ತು. ಹತ್ತರಲ್ಲಿ ಆರನ್ನು ಬಿಸಾಡುತ್ತಿದ್ದಳು. ಒಣಗಿದ ಮೇಲೆ ಬೆನ್ನಿಗೆ ಅರಗು, ಇಲ್ಲವಾದರೆ ಮಳೆಗಾಲದಲ್ಲಿ ಗೋಂದು ಬಿಡುತ್ತದೆ. ಬಿಳಿಭಾಗಕ್ಕೆ ಸೀಮೆಸುಣ್ಣದ ಪುಡಿ, ಹುಣಿಸೆಬೀಜದ ಅಂಟು, ಚಿಟಿಕೆಗಿಂತ ಕಡಿಮೆ ಅರಿಸಿನ. “ಅಚ್ಚಬಿಳಿ ಇದ್ದರೆ ಹೆದರಿದ ಕಣ್ಣು ಕಣೋ” ಎನ್ನುತ್ತಿದ್ದಳು. ರೆಪ್ಪೆಯು ಬಣ್ಣದ ವರ್ತುಲದ ಮೇಲಂಚನ್ನು ಸ್ವಲ್ಪ ಮುಚ್ಚಲೇಬೇಕು. ಇಡೀ ವರ್ತುಲ ಕಂಡರೆ ಗೊಂಬೆ ದುರುಗುಟ್ಟುತ್ತದೆ.

ಬಣ್ಣವನ್ನು ಹೊಂದಿಸಲು ಅವಳು ನೋಡುತ್ತಿದ್ದುದು ಕನ್ನಡಿಯಲ್ಲಿ ತನ್ನ ಬಲಗಣ್ಣನ್ನು. ಹಾಗಾಗಿ ಅವಳ ಗೊಂಬೆಗಳೆಲ್ಲವೂ ಅವಳ ಕಣ್ಣಿನವು. ನೆರೆಯವರು ತಮ್ಮ ಮಗುವಿನ ಕಣ್ಣಿನಂಥದ್ದು ಬೇಕೆಂದರೆ ಮಾತ್ರ ಆ ಮಗುವನ್ನು ಬೆಳಗಿನ ಬಿಸಿಲಿನಲ್ಲಿ ಹೊಸ್ತಿಲ ಮೇಲೆ ಕೂರಿಸಿ, ಕೈಯಲ್ಲಿ ರೇಷ್ಮೆಯ ಎಳೆಗಳನ್ನು ಹಿಡಿದು ಹೋಲಿಸುತ್ತಿದ್ದಳು.

ಮುಂದೆ ಇತಿಹಾಸವನ್ನು ಓದುವಾಗ ನನಗೆ ಅಚ್ಚರಿಯಾದ ಸಂಗತಿಯೊಂದಿದೆ. ಜರ್ಮನಿಯ ತುರಿಂಗಿಯಾ ಸೀಮೆಯಲ್ಲಿ ಲೌಷಾ ಎಂಬ ಗಾಜುಗಾರರ ಊರು. ಅಲ್ಲಿನ ಲುಡ್ವಿಗ್ ಮ್ಯುಲ್ಲರ್-ಊರಿ ಎಂಬಾತ ಗೊಂಬೆಗಳಿಗೆ ಗಾಜಿನ ಕಣ್ಣು ಮಾಡುತ್ತಿದ್ದವನು. 1835ರ ಸುಮಾರಿಗೆ ಅದೇ ಕೈಗಳಿಂದ ಮನುಷ್ಯರಿಗೂ ಕಣ್ಣು ಮಾಡತೊಡಗಿದ. 1868ರಲ್ಲಿ ಕ್ರಯೊಲೈಟ್ ಬೆರೆತ ಹೊಸ ಬಿಳಿಗಾಜು ಬಂದು ಅವು ಇನ್ನಷ್ಟು ಸಹಜವಾದವು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಗಾಜು ದೊರೆಯದಾದಾಗ ಅಮೆರಿಕದ ಸೇನೆಯ ದಂತತಂತ್ರಜ್ಞರು ಕೃತಕ ದಂತಕ್ಕೆ ಬಳಸುವ ಅಕ್ರಿಲಿಕ್ಕಿನಿಂದ ಕಣ್ಣು ಮಾಡಿದರು. ಇಂದು ರೋಗಿಯನ್ನು ಎದುರಿಗೆ ಕೂರಿಸಿಕೊಂಡು ಕಣ್ಣಿಗೆ ಬಣ್ಣ ತುಂಬುವ ಕುಶಲಿಗಳು ಬಿಳಿಭಾಗದ ರಕ್ತನಾಳಗಳಿಗೆ ಇಡುವುದು ಕೆಂಪು ರೇಷ್ಮೆಯ ಸಣ್ಣ ಎಳೆಗಳನ್ನು! ಇದನ್ನು ಓದಿದ ದಿನ ಅಕ್ಕ ಬದುಕಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಲಂಡನ್ನಿನ ದುಡಿಮೆಗಾರರನ್ನು ಕಂಡು ಬರೆದ ಹೆನ್ರಿ ಮೇಹ್ಯೂ, ಗೊಂಬೆಗಣ್ಣು ಮಾಡುವವನೊಬ್ಬನನ್ನೂ ಮಾತನಾಡಿಸಿದ್ದಾನೆ. ರಾಣಿ ವಿಕ್ಟೋರಿಯಾಳ ಕಣ್ಣು ನೀಲಿಯಾದ್ದರಿಂದ ಇಂಗ್ಲೆಂಡಿನಲ್ಲಿ ನೀಲಿಗಣ್ಣೇ ಬೇಕು, ಸ್ಪ್ಯಾನಿಷ್ ಅಮೆರಿಕಕ್ಕೆ ಕಪ್ಪುಗಣ್ಣು ಎಂಬುದು ಅವನ ಅನುಭವ. ನಮ್ಮವರಿಗೆ ಯಾರೂ ಕೇಳಿ ಮಾಡಲಿಲ್ಲ. ಜಾತ್ರೆಯ ಅಂಗಡಿಗೆ ಬಂದ, ಮಲಗಿಸಿದರೆ ಕಣ್ಣು ಮುಚ್ಚುವ ಗೊಂಬೆಗಳಿಗೆ ನೀಲಿಗಣ್ಣು. ನಾವು ಅದನ್ನೇ ಚೆಲುವೆಂದು ಕೊಂಡೆವು. ಅಕ್ಕ ಒಮ್ಮೆ ಅಂತಹ ಗೊಂಬೆಯ ಕಣ್ಣನ್ನು ಕಿತ್ತು ಕಂದುಗಣ್ಣನ್ನು ಕೂಡಿಸಿದಾಗ ಗೊಂಬೆಯ ಒಡತಿ ಅತ್ತು ರಂಪ ಮಾಡಿದ್ದಳು. (ಆ ಒಡತಿ ಈಗ ನಾಲ್ಕು ಮೊಮ್ಮಕ್ಕಳ ಅಜ್ಜಿ, ಇದನ್ನು ಓದುತ್ತಾಳೆಂದು ಬಲ್ಲೆ.)

ಇನ್ನು ನನ್ನ ತಪ್ಪಿನ ಮಾತು. ಹನೂರಿನಲ್ಲಿ ಪಾಠ ಹೇಳುತ್ತಿದ್ದ ಮೊದಲ ವರ್ಷಗಳಲ್ಲಿ, ಕಣ್ಣಿನ ರಚನೆಯ ಪಾಠಕ್ಕೆಂದು ಅಡಕೆಡಬ್ಬಿಯಲ್ಲಿದ್ದ ಅಕ್ಕನ ಕೃತಕ ಕಣ್ಣನ್ನು ಕೇಳದೆಯೇ ಒಯ್ದೆ. ಹುಡುಗರು ಕೈಯಿಂದ ಕೈಗೆ ದಾಟಿಸಿ ನಕ್ಕರು, ನಾನೂ ನಕ್ಕೆ. ತರಗತಿಯಲ್ಲಿದ್ದ ನೆಂಟರ ಹುಡುಗನಿಂದ ಸುದ್ದಿ ಕೊಳ್ಳೇಗಾಲವನ್ನು ಮುಟ್ಟಿತು. ಅಕ್ಕ ಏನೂ ಅನ್ನಲಿಲ್ಲ. ಹದಿನೈದು ದಿನಗಳ ತರುವಾಯ ನಿಂಬೆಹಣ್ಣಿನ ಗಾತ್ರದ, ಕಳಚಿ ಜೋಡಿಸಬಹುದಾದ ಕಣ್ಣಿನ ಮಾದರಿಯೊಂದನ್ನು ಕೈಗಿತ್ತು, “ಮಕ್ಕಳಿಗೆ ಇದನ್ನ ತೋರ್ಸು. ಅದನ್ನ ಅಲ್ಲೇ ಇಡು” ಎಂದಳು. ಹನೂರು, ಯಳಂದೂರುಗಳಲ್ಲಿ ನನ್ನ ಕೈಕೆಳಗೆ ಓದಿದವರು ಆ ಮಾದರಿಯನ್ನು ಮರೆತಿರಲಾರರು. ಅದು ಯಾರು ಮಾಡಿದ್ದೆಂದು ನಾನು ಎಂದೂ ಹೇಳಿರಲಿಲ್ಲ. ಮೊದಲ ದಿನ ನಕ್ಕವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ತಪ್ಪು ನಿಮ್ಮದಲ್ಲವಪ್ಪ.

ವಿಗ್ರಹಕ್ಕೆ ಕಣ್ಣು ತೆರೆಯುವ ನೇತ್ರೋನ್ಮೀಲನವನ್ನು ಚಿನ್ನದ ಸೂಜಿಯಿಂದ ಮಾಡುತ್ತಾರೆ. ಸಿಂಹಳದಲ್ಲಿ ಬುದ್ಧನ ಮೂರ್ತಿಗೆ ಕಣ್ಣು ಬರೆಯುವವನು ಮೂರ್ತಿಯನ್ನು ನೇರವಾಗಿ ನೋಡದೆ ಕನ್ನಡಿಯಲ್ಲಿ ನೋಡಿ ಬರೆಯುತ್ತಾನೆಂದು ಆನಂದ ಕುಮಾರಸ್ವಾಮಿಯವರು 1908ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಅಕ್ಕನಿಗೆ ಇದನ್ನು ಓದಿ ಹೇಳಿದ್ದೆ. “ಕನ್ನಡಿ ಇಲ್ಲದೆ ಹೆಂಗಾಯ್ತದೆ?” ಎಂದಷ್ಟೇ ಹೇಳಿ ಎಳೆ ಜೋಡಿಸುವುದನ್ನು ಮುಂದುವರಿಸಿದಳು.

ಕಳಚಿದ ಕಣ್ಣನ್ನು ಮೊಮ್ಮಗಳು ಮೊನ್ನೆ ಮತ್ತೆ ಕೂಡಿಸಿದಳು. ಬೆನ್ನಿನ ಅರಗು ಬಿರುಕು ಬಿಟ್ಟಿತ್ತು. ರೇಷ್ಮೆಯ ಕಂದು ಮಾತ್ರ ಹಾಗೆಯೇ ಇದೆ. ಅಕ್ಕನ ಕೈಯ ಗೊಂಬೆಗಳು ನಮ್ಮಲ್ಲಿ ಎರಡೇ ಉಳಿದಿವೆ. ನೆಂಟರ ಮನೆಗಳಲ್ಲಿ ಇನ್ನೂ ಇದ್ದರೆ ಕಣ್ಣಿನ ಹತ್ತಿರದ ಒಂದು ಚಿತ್ರ ತೆಗೆದು ಕಳುಹಿಸಿರಿ. ಮಣೆಯ ಮೇಲೆ ಕೂರಿಸುವ ಮುನ್ನ ಒದ್ದೆಬಟ್ಟೆಯಿಂದ ಮಾತ್ರ ಒರೆಸಬೇಡಿರಿ, ಗೋಂದು ಕರಗೀತು.