ದನಗಾಹಿಗಳ ಮಾತು ಕೇಳಿದ ವಿಜ್ಞಾನಿ

ಸಿಕಂದರಾಬಾದಿನಲ್ಲಿ 1897ರಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯೊಳಗೆ ಮಲೇರಿಯಾ ರೋಗಾಣು ಕಂಡದ್ದು ಹೈದರಾಬಾದಿನ ನಮ್ಮವರಿಗೆ ಗೊತ್ತು. ಅದಕ್ಕೂ ಮೊದಲಿನ ಒಂದು ಉಣ್ಣಿಯ ಕಥೆ ಇವತ್ತು ಹೇಳ್ತೀನಿ.

ಅಮೆರಿಕದಲ್ಲಿ ಟೆಕ್ಸಾಸಿನಿಂದ ಉತ್ತರಕ್ಕೆ ಹೊಡೆದುಕೊಂಡು ಹೋದ ದನಗಳು ಗಟ್ಟಿಮುಟ್ಟಾಗೇ ಇರ್ತಿದ್ದವು. ಅವು ಓಡಾಡಿದ ಹುಲ್ಲುಗಾವಲಲ್ಲಿ ಮೇದ ಉತ್ತರದ ದನಗಳು ಮಾತ್ರ ಜ್ವರ ಬಂದು, ಕೆಂಪಗೆ ಉಚ್ಚೆ ಹೊಯ್ದು ಸಾಯ್ತಿದ್ದವು. ‘ಇದು ಉಣ್ಣಿ ಕೆಲಸ’ ಅಂದ ದನಗಾಹಿಗಳ ಮಾತನ್ನು ಬಹಳಷ್ಟು ತಜ್ಞರು ತಳ್ಳಿಹಾಕಿದರು.

ಥಿಯೊಬಾಲ್ಡ್ ಸ್ಮಿತ್ ಹಾಗೆ ಮಾಡಲಿಲ್ಲ. 1889ರಲ್ಲಿ ಕಿಲ್ಬೋರ್ನ್ ಜೊತೆ ಸೇರಿ, ದಕ್ಷಿಣದ ದನಗಳ ಉಣ್ಣಿಗಳನ್ನೆಲ್ಲ ಕಿತ್ತು, ಅವನ್ನು ಉತ್ತರದ ದನಗಳ ಜೊತೆ ಬಿಟ್ಟರು. ರೋಗ ಬರಲಿಲ್ಲ. ಉಣ್ಣಿ ಇದ್ದ ಕಡೆ ಬಂತು. ಕೆಂಪು ರಕ್ತಕಣ ಒಡೆಯುವ ರೋಗಾಣು ತಾಯಿ ಉಣ್ಣಿಯಿಂದ ಮರಿಗಳಿಗೂ ದಾಟುತ್ತದೆ ಅಂತ 1893ರ ವರದಿ ತೋರಿಸಿತು.

ನನಗೆ ಇಷ್ಟವಾಗೋದು ಇದೇ: ಸ್ಮಿತ್ ದನಗಾಹಿಗಳ ಮಾತನ್ನು ಕುರುಡಾಗಿ ನಂಬಲಿಲ್ಲ, ನಗೆಯಾಡಲೂ ಇಲ್ಲ. ಪರೀಕ್ಷೆ ಮಾಡಿ ನೋಡಿದರು.