ಹಡಗು ಹತ್ತಿದ ಹಿರಿಯರು
ಸಮುದ್ರಯಾನವೆಂದರೆ ಒಂದು ಕಾಲಕ್ಕೆ ವ್ಯಾಪಾರ, ವಲಸೆ ಅಥವಾ ಯುದ್ಧ. ಬರೀ ಊರು ನೋಡಲೆಂದೇ ಹಡಗು ಹತ್ತುವ ರೂಢಿಗೆ ನಾಂದಿ ಹಾಡಿದ ಯಾನಗಳಲ್ಲಿ 1867ರ 'ಕ್ವೇಕರ್ ಸಿಟಿ'ಯದೂ ಒಂದು. ನ್ಯೂಯಾರ್ಕಿನಿಂದ ಮೆಡಿಟರೇನಿಯನ್ ತೀರಕ್ಕೆ ಹೊರಟ ಈ ಉಗಿಹಡಗಿನ ದರ 1,250 ಡಾಲರ್. ದುಡ್ಡಿದ್ದರೆ ಸಾಲದು, ಸಮಿತಿಯ ಒಪ್ಪಿಗೆಯೂ ಬೇಕಿತ್ತು. ಜನರಲ್ ಷರ್ಮನ್, ಪಾದ್ರಿ ಬೀಚರ್ ಜೊತೆಗಿರುತ್ತಾರೆಂಬ ಪ್ರಚಾರವಿತ್ತು, ಇಬ್ಬರೂ ಬರಲಿಲ್ಲ. ಹತ್ತಿದವರಲ್ಲಿ ಹೆಚ್ಚಿನವರು ನಲವತ್ತು ದಾಟಿದವರೆಂದು ಸಹಪ್ರಯಾಣಿಕ, 31 ವರ್ಷದ ಪತ್ರಕರ್ತ ಮಾರ್ಕ್ ಟ್ವೇನ್ ಗೊಣಗಿದ.

ಅಥೆನ್ಸ್ ಬಳಿಯ ಬಂದರಿನಲ್ಲಿ ರೋಗಭೀತಿಯಿಂದಾಗಿ ಇಳಿಯಲು ಅಪ್ಪಣೆ ಸಿಗಲಿಲ್ಲ. ಟ್ವೇನ್ ಮತ್ತು ಮೂವರು ರಾತ್ರಿ ಕದ್ದು ಇಳಿದು, ಬೆಳದಿಂಗಳಲ್ಲಿ ಅಕ್ರೋಪೊಲಿಸ್ ನೋಡಿ ಬಂದರು. ಉಳಿದ ಹೆಚ್ಚಿನವರಿಗೆ ಡೆಕ್ಕಿನಿಂದಲೇ ದರ್ಶನ! ಈ ಯಾನದ ಕಥೆ 1869ರಲ್ಲಿ ಪುಸ್ತಕವಾಯಿತು.

ಹಡಗು ಆರಿಸುವ ಹಿರಿಯರು ಇಂದಿಗೂ ಮೊದಲು ಕೇಳಬೇಕಾದದ್ದು ಇಷ್ಟೇ: ಜೊತೆಗೆ ಯಾರು? ಇಳಿಯುವುದು ಎಲ್ಲಿ?