ಲ್ಯಾಪ್‌ಟಾಪಿನ ನಿದ್ದೆ ಮತ್ತು ಲಿನಕ್ಸ್

ಮುಚ್ಚಳ ಹಾಕಿದರೆ ಲ್ಯಾಪ್‌ಟಾಪ್ ಮಲಗಬೇಕು, ತೆಗೆದರೆ ಏಳಬೇಕು. 1992ರಲ್ಲಿ ಬಂದ ಎಪಿಎಂ ಪದ್ಧತಿಯಲ್ಲಿ ಈ ಕೆಲಸ ಯಂತ್ರದ ಫರ್ಮ್‌ವೇರ್ ಆದ ಬಯಾಸ್‌ನದಾಗಿತ್ತು. 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಎಸಿಪಿಐ ಮಾನಕವನ್ನು ಪ್ರಕಟಿಸಿದವು. ಅದರೊಂದಿಗೆ ವಿದ್ಯುತ್ ನಿರ್ವಹಣೆಯ ಹೊಣೆ ಆಪರೇಟಿಂಗ್ ಸಿಸ್ಟಂಗೆ ಬಂತು.

ಹೊಣೆ ಕೈ ಬದಲಾಯಿಸಿದರೂ ಮಾಹಿತಿ ತಯಾರಕರ ಬಳಿಯೇ ಉಳಿಯಿತು. ಬ್ಯಾಟರಿ, ಫ್ಯಾನು, ಮುಚ್ಚಳಗಳನ್ನು ನಡೆಸುವ ಬಗೆಯನ್ನು ಅವರು ಡಿಎಸ್‌ಡಿಟಿ ಎಂಬ ಕೋಷ್ಟಕದಲ್ಲಿ ಸಂಕೇತವಾಗಿ ಬರೆದಿಡುತ್ತಾರೆ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಅದನ್ನು ಓದಿ ನಡೆಸಬೇಕು. ಅದರಲ್ಲಿ ತಪ್ಪುಗಳು ಹೇರಳ. ಕೋಷ್ಟಕ ಸಿದ್ಧಪಡಿಸುವ ಮೈಕ್ರೋಸಾಫ್ಟಿನ ಕಂಪೈಲರ್ ಇಂಟೆಲಿನದಕ್ಕಿಂತ ಸಡಿಲವಾಗಿತ್ತು, ಪರೀಕ್ಷೆಯೂ ಬಹುಪಾಲು ವಿಂಡೋಸಿನಲ್ಲೇ ಮುಗಿಯುತ್ತಿತ್ತು. ಮಾನಕದ ಅಕ್ಷರಕ್ಕೆ ಅಂಟಿಕೊಂಡ ಲಿನಕ್ಸ್ ಆ ತಪ್ಪುಗಳಲ್ಲಿ ಎಡವುತ್ತಿತ್ತು. ಮೊದಮೊದಲು ಬಳಕೆದಾರರೇ ಕೋಷ್ಟಕವನ್ನು ಬಿಚ್ಚಿ, ತಿದ್ದಿ, ಮತ್ತೆ ಕಂಪೈಲ್ ಮಾಡಿ ಕರ್ನಲ್ಲಿಗೆ ಕೊಡುತ್ತಿದ್ದರು. ಒಂದು ಮಾದರಿಗೆ ಮಾಡಿದ ಆ ದುಡಿಮೆ ಇನ್ನೊಂದಕ್ಕೆ ಒದಗುತ್ತಿರಲಿಲ್ಲ. ಮುಂದೆ ಕರ್ನಲ್ಲೇ ಸಣ್ಣಪುಟ್ಟ ದೋಷಗಳನ್ನು ಸಹಿಸಲು ಕಲಿಯಿತು.

ಈ ಇತಿಹಾಸದ ಮುಖ್ಯ ತಿರುವು ‘_ಓಎಸ್ಐ’ ಎಂಬ ಪ್ರಶ್ನೆಯದು. ‘ನೀನು ಇಂಥ ವ್ಯವಸ್ಥೆಯೇ?’ ಎಂದು ಒಂದೊಂದೇ ಹೆಸರು ಹಿಡಿದು ಫರ್ಮ್‌ವೇರ್ ಇದನ್ನು ಕೇಳುತ್ತದೆ. ಲಿನಕ್ಸ್ ಒಂದು ಕಾಲಕ್ಕೆ ತನ್ನ ಹೆಸರಿಗೂ ಹೌದೆನ್ನುತ್ತಿತ್ತು. ತಯಾರಕರು ಆ ಉತ್ತರವನ್ನು ನೆಚ್ಚಿ ಹಳೆಯ ಕರ್ನಲ್ಲುಗಳ ಕೊರತೆಗೆ ತೇಪೆ ಹಾಕತೊಡಗಿದರು. ಕರ್ನಲ್ ಸುಧಾರಿಸಿದ ಮೇಲೆ ಆ ತೇಪೆಗಳೇ ತೊಡಕಾದವು. ಲೆನ್ ಬ್ರೌನ್ ಕರ್ನಲ್ಲಿನ ಎಸಿಪಿಐ ವಿಭಾಗ ನೋಡಿಕೊಳ್ಳುತ್ತಿದ್ದಾಗ, 2007ರಲ್ಲಿ, ಲಿನಕ್ಸ್ ತನ್ನ ಹೆಸರು ಹೇಳುವುದನ್ನು ನಿಲ್ಲಿಸಿತು. ಈಗ ಅದು ವಿಂಡೋಸಿನ ಹೆಸರುಗಳಿಗೆ ಹೌದೆನ್ನುತ್ತದೆ, ಏಕೆಂದರೆ ಪರೀಕ್ಷೆಗೆ ಒಳಗಾದ ದಾರಿ ಅದೊಂದೇ. ಬೇಸರ ತರುವ ನಿರ್ಧಾರ, ಆದರೆ ಸರಿಯಾದದ್ದು.

ಅಷ್ಟಕ್ಕೂ ಸರಿಹೋಗದ ಯಂತ್ರಗಳಿಗೆ ಕರ್ನಲ್ಲಿನೊಳಗೆ ವಿನಾಯಿತಿಗಳ ಪಟ್ಟಿಗಳಿವೆ. ತಯಾರಕರ ಮತ್ತು ಮಾದರಿಯ ಹೆಸರು ನೋಡಿ ಕರ್ನಲ್ ತನ್ನ ನಡೆ ಬದಲಿಸುತ್ತದೆ. ಶಿವಮೊಗ್ಗದ ವಿದ್ಯಾರ್ಥಿಯೊಬ್ಬ ಹಳೆಯ ಲ್ಯಾಪ್‌ಟಾಪಿಗೆ ಉಬುಂಟು ಲಿನಕ್ಸ್ ಹಾಕಿದಾಗ, ಭದ್ರಾವತಿಯ ಮನೆಯಲ್ಲಿ ಕರೆಂಟ್ ಹೋದ ಹೊತ್ತು ಬ್ಯಾಟರಿಯ ಲೆಕ್ಕ ಸರಿಯಾಗಿ ಕಾಣಿಸಿದಾಗ, ಅದರ ಹಿಂದೆ ಎಲ್ಲೋ ಯಾರೋ ಸೇರಿಸಿದ ಇಂಥ ಸಾಲು ಇರಬಹುದು. ಮುಕ್ತ ತಂತ್ರಾಂಶದ ದೊಡ್ಡ ಬಲ ಇದೇ.

2013ರಲ್ಲಿ ಎಸಿಪಿಐ ಮಾನಕವು ಫರ್ಮ್‌ವೇರ್ ಮಾನಕಗಳನ್ನು ನೋಡಿಕೊಳ್ಳುವ ಯುಇಎಫ್ಐ ಫೋರಂನ ಸುಪರ್ದಿಗೆ ಹೋಯಿತು. ಇತ್ತೀಚಿನ ಅನೇಕ ಯಂತ್ರಗಳಲ್ಲಿ ಎಸ್3 ಎಂಬ ಹಳೆಯ ಬಗೆಯ ನಿದ್ದೆಯೇ ಇಲ್ಲ. ಅಲ್ಲಿ ಪ್ರೊಸೆಸರ್ ಪೂರ್ತಿ ಆರದೆ ತೂಕಡಿಸುತ್ತದೆ, ಫರ್ಮ್‌ವೇರ್ ಕೆಟ್ಟಿದ್ದರೆ ಚೀಲದೊಳಗೇ ಬಿಸಿಯಾಗಿ ಬ್ಯಾಟರಿ ಬರಿದಾಗುತ್ತದೆ. ಇಂಥ ಲ್ಯಾಪ್‌ಟಾಪ್ ಇರುವವರು ಮೊದಲು ಬಯಾಸ್ ನವೀಕರಿಸಿ ನೋಡಬೇಕು. ಆಗಲೂ ಸರಿಹೋಗದಿದ್ದರೆ ಮಾದರಿಯ ಹೆಸರಿನೊಂದಿಗೆ ದೋಷವನ್ನು ಕರ್ನಲ್ ಅಭಿವೃದ್ಧಿಕಾರರಿಗೆ ತಿಳಿಸಬೇಕು.